ನಾಗರತ್ನಮ್ಮನವರ ಚರಿತ್ರೆಗೆ ಬಿದ್ದ ಕತ್ತರಿ

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಬೆಂಗಳೂರು ನಾಗರತ್ನಮ್ಮನವರನ್ನು ಕುರಿತು ಮಿತ್ರರೊಬ್ಬರು ಬರೆದ ಲೇಖನವನ್ನು ವಾಚಕರು ಓದಿಯೇ ಇರುವರು. ಲೇಖಕರು ನನಗೆ ಆಪ್ತರು. ಅವರ ಶೈಲಿ ಸರಳವಾದುದು. ತ್ಯಾಗರಾಜಸ್ವಾಮಿಗಳಲ್ಲಿ ಅವರಿಗಿರುವ ಭಕ್ತಿಯನ್ನು ಶಂಕಿಸುವವರು ಯಾರೂ ಇಲ್ಲ. ಆದರೂ ಆ ಎರಡು ಪುಟಗಳನ್ನು ಓದಿ ಮುಗಿಸಿದಾಗ ನನಗೆ ಸಂತೋಷಕ್ಕಿಂತ ಖೇದವೇ ಹೆಚ್ಚಾಯಿತು. ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಹಾಡಿ, ತಿರುವಯ್ಯಾರಿನಲ್ಲಿ ಗುಡಿ ಕಟ್ಟಿಸಿದ ಒಬ್ಬ ಭಕ್ತೆಯ ಚಿತ್ರ ಅಲ್ಲಿದೆ. ಆಕೆ ಯಾವ ಕುಲದಲ್ಲಿ ಹುಟ್ಟಿದರು, ಏನನ್ನು ಓದಿದರು, ಯಾವ ಗ್ರಂಥವನ್ನು ಅಚ್ಚುಮಾಡಿಸಿದರು, ಯಾರೊಡನೆ ಕಾದಾಡಿದರು ಎಂಬುದೊಂದೂ ಇಲ್ಲ. ಲೇಖಕರು ಅರಿಯದೆ ಬಿಟ್ಟಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಚಾಮರಾಜೇಶ್ವರನ ಗುಡಿಯ ಮುಂದೆ ಸಿಕ್ಕಿದಾಗ ಕೇಳಿಯೇಬಿಟ್ಟೆ. "ಎಲ್ಲ ಗೊತ್ತು, ಮೇಷ್ಟ್ರೇ. ಆದರೆ ನಮ್ಮದು ಮನೆಮಂದಿಯೆಲ್ಲ ಓದುವ ಪತ್ರಿಕೆ, ಹೆಣ್ಣುಮಕ್ಕಳ ಕೈಗೂ ಹೋಗುತ್ತದೆ" ಎಂದರು.

ಈ ಉತ್ತರ ಹೊಸದಲ್ಲ. ನೂರು ವರ್ಷಕ್ಕೂ ಹಿಂದೆ ಇದೇ ಉತ್ತರ ನಾಗರತ್ನಮ್ಮನವರ ಎದುರಿಗೂ ಬಂದಿತ್ತು. ಆಗ ಆಕೆ ಕೊಟ್ಟ ಪ್ರತ್ಯುತ್ತರವನ್ನು ಲೇಖಕರು ತಮ್ಮ ಲೇಖನದಲ್ಲಿ ಸೇರಿಸಿದ್ದರೆ, ಆ ಮಾತನ್ನು ನನ್ನೆದುರಿಗೆ ಆಡುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ. ಆ ವಿಷಯ ಮುಂದೆ ಬರುವುದು.

ಮೊದಲು ಒಂದು ಮನೆಯ ಮಾತು. ನನ್ನ ಮೊಮ್ಮಗಳು ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಓದುವವಳು. ಕೊರಿಯಾ ದೇಶದಲ್ಲಿ 2016ರಲ್ಲಿ ಹೊರಟ ಬ್ಲ್ಯಾಕ್‌ಪಿಂಕ್ ಎಂಬ ನಾಲ್ವರು ಹುಡುಗಿಯರ ಗಾನವೃಂದವೊಂದುಂಟಂತೆ. ಅದರ ಮುಖ್ಯ ಗಾಯಕಿ ನ್ಯೂಜಿಲೆಂಡಿನಲ್ಲಿ ಹುಟ್ಟಿದುದು, ಆಸ್ಟ್ರೇಲಿಯದಲ್ಲಿ ಬೆಳೆದುದು, ಹೆತ್ತವರನ್ನು ಬಿಟ್ಟು ಸಿಯೋಲ್ ಪಟ್ಟಣಕ್ಕೆ ಹೋಗಿ ವರ್ಷಗಟ್ಟಲೆ ಸಾಧನೆ ಮಾಡಿದುದು, ಇವೆಲ್ಲವನ್ನೂ ಹುಡುಗಿ ನನಗೆ ಅಮರಕೋಶವನ್ನು ಒಪ್ಪಿಸುವಂತೆ ಒಪ್ಪಿಸಿದಳು. ನಾನು ಅವಳನ್ನು ಗದರಿಸಲಿಲ್ಲ. ಹಾಡುವ ಹೆಣ್ಣಿನ ಹುಟ್ಟು ಬೆಳವಣಿಗೆಯನ್ನು ತಿಳಿಯಬೇಕೆಂಬ ಕುತೂಹಲ ಒಳ್ಳೆಯದೇ. ನಮ್ಮ ಸೀಮೆಯ ಮದುವೆಮನೆಗಳಲ್ಲಿ ಸೋಬಾನೆ ಹಾಡುವಾಗಲೂ ಒಬ್ಬಾಕೆ ಸೊಲ್ಲನ್ನು ಎತ್ತಿಕೊಡುವಳು, ಉಳಿದವರು ಅದನ್ನು ಹಿಡಿದು ಹೇಳುವರು. ಎತ್ತಿಕೊಡುವಾಕೆ ಬಾರದಿದ್ದರೆ ಉಳಿದವರ ದನಿಯೇ ಹೊರಡದು. ನಾನು ಹೇಳಿದೆ: "ಮಗು, ಹಾಗೆ ಸೊಲ್ಲು ಎತ್ತಿಕೊಟ್ಟು, ಗಂಡಸರು ಬೇಡವೆಂದ ಕಡೆಯಲ್ಲಿಯೇ ಹೆಂಗಸರ ಗೋಷ್ಠಿಯನ್ನು ಕಟ್ಟಿ ಹಾಡಿದವರೊಬ್ಬರು ನಮ್ಮ ಕಡೆಯವರೇ ಇದ್ದರು." "ಯಾವೂರು ತಾತ?" ಎಂದಳು. "ಬೇಗೂರು ದಾಟಿ ಇನ್ನಷ್ಟು ದೂರ ಹೋದರೆ ಬರುವ ಊರು" ಎಂದೆ. ಅವಳ ಕಣ್ಣರಳಿತು. ಕೂಡಲೇ ಕಳೆದ ಸಂಚಿಕೆಯನ್ನು ತೆಗೆದು ಆ ಲೇಖನವನ್ನು ಓದಿದಳು. ಓದಿ, "ಇದರಲ್ಲಿ ಅವರು ಯಾರ ಜೊತೆಯೂ ಜಗಳ ಆಡಿಲ್ಲವಲ್ಲ" ಎಂದಳು.

ಆದುದರಿಂದ ಚರಿತ್ರೆಯನ್ನು ಮತ್ತೊಮ್ಮೆ ಹೇಳಬೇಕಾಗಿ ಬಂದಿದೆ.

ನಾಗರತ್ನಮ್ಮನವರು ಹುಟ್ಟಿದುದು 1878ನೆಯ ಇಸವಿ ನವೆಂಬರಿನಲ್ಲಿ, ಕಪಿಲಾತೀರದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ, ದೇವದಾಸಿ ಕುಲದವರು. ತಂದೆ ವಕೀಲ ಸುಬ್ಬರಾಯರು. ವಕೀಲರು ತಾಯಿಯನ್ನೂ ಮಗುವನ್ನೂ ಕೈಬಿಟ್ಟರು. ತಾಯಿ ಮಗುವನ್ನು ಕಟ್ಟಿಕೊಂಡು ಮೈಸೂರಿಗೆ ಬಂದು, ಅಲ್ಲಿ ಪಂಡಿತರೊಬ್ಬರ ಆಶ್ರಯದಲ್ಲಿ ಹುಡುಗಿಗೆ ಸಂಸ್ಕೃತ ಕಲಿಸಿದರು. ಆ ಆಶ್ರಯವೂ ನಿಲ್ಲಲಿಲ್ಲ. ಬೆಂಗಳೂರಿಗೆ ಬಂದರು. ಅಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತಾಭ್ಯಾಸ, ಜೊತೆಗೆ ನಾಟ್ಯ, ಕನ್ನಡ, ತೆಲುಗು, ಇಂಗ್ಲಿಷುಗಳ ವ್ಯಾಸಂಗ. ಹದಿನೈದರ ಸುಮಾರಿನಲ್ಲಿಯೇ ವಿದ್ವತ್ಸಭೆಯ ಮುಂದೆ ನಿಂತರು. ನ್ಯಾಯಾಧೀಶರಾಗಿದ್ದ ನರಹರಿರಾಯರು ಆಕೆಯ ವಿದ್ಯೆಗೆ ಪೋಷಕರಾದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿಗೆ ಹೋಗಿ ನೆಲಸಿ, ಕಚೇರಿ ಹರಿಕಥೆಗಳಿಂದ ಹೆಸರನ್ನೂ ಹಣವನ್ನೂ ಸಂಪಾದಿಸಿದರು. ಆ ಪಟ್ಟಣದಲ್ಲಿ ಆದಾಯ ತೆರಿಗೆ ಕೊಟ್ಟ ಮೊದಲ ಕಲಾವಿದೆ ಈಕೆಯೇ ಎಂದು ಪ್ರಸಿದ್ಧಿ. ಊರು ನಂಜನಗೂಡಾದರೂ ಹೆಸರಿನ ಹಿಂದೆ ಬೆಂಗಳೂರು ಅಂಟಿಕೊಂಡಿತು.

ಈ ಸಂದರ್ಭದಲ್ಲಿ ನಮ್ಮ ಮತ್ತೊಬ್ಬ ಸದಸ್ಯರ ವಾದವನ್ನೂ ತಿಳಿಸಿಬಿಡುವೆನು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದಾಗ ನಂಜನಗೂಡು ಮೈಸೂರಿನಲ್ಲಿಯೇ ಉಳಿಯಿತಷ್ಟೆ. ಆದಕಾರಣ ನಾಗರತ್ನಮ್ಮನವರ ವಿಚಾರ ನಮ್ಮ ಜಿಲ್ಲೆಯ ಪತ್ರಿಕೆಗೆ ಸಂಬಂಧಿಸಿದುದಲ್ಲವಂತೆ! ತಿರುವಯ್ಯಾರು ಯಾವ ಜಿಲ್ಲೆಗೆ ಸೇರಿದುದೆಂದು ಆ ಮಹನೀಯರು ವಿಚಾರಿಸಿಕೊಂಡು, ಇನ್ನು ಮೇಲೆ ತ್ಯಾಗರಾಜರ ಕೀರ್ತನೆಗಳನ್ನೂ ನಿಲ್ಲಿಸುವರೋ ಏನೋ.

ಅಸ್ತು. 1847ರಲ್ಲಿ ಸಿದ್ಧಿಯನ್ನು ಪಡೆದ ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವುದೆಂದು ತಿಳಿದಾಗ ನಾಗರತ್ನಮ್ಮನವರು ಮದರಾಸಿನಿಂದ ಹೊರಟರು. ಆ ಜಾಗವನ್ನು ಕೊಂಡುಕೊಂಡರು, ಒಡವೆಗಳನ್ನು ಮಾರಿದರು, ಹರಿಕಥೆ ಮಾಡಿ ಹಣ ಕೂಡಿಸಿದರು. 1921ನೆಯ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. 1925ನೆಯ ಜನವರಿ 7ರಂದು ಪ್ರತಿಷ್ಠೆ ನಡೆಯಿತು. ಆರಾಧನೆಯನ್ನು ನಡೆಸುತ್ತಿದ್ದ ವಿದ್ವಾಂಸರಾದರೋ ಆಗಲೇ ಎರಡು ಪಂಗಡವಾಗಿ ಒಡೆದಿದ್ದರು: ಪೆರಿಯ ಕಚ್ಚಿ, ಚಿನ್ನ ಕಚ್ಚಿ. ಒಂದು ದೊಡ್ಡದು, ಒಂದು ಚಿಕ್ಕದು. ನಾನಾ ವಿಷಯಗಳಲ್ಲಿ ಹೊಂದದಿದ್ದ ಇವರಿಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು: ಹೆಂಗಸರು ಅಲ್ಲಿ ಹಾಡತಕ್ಕದ್ದಲ್ಲ. ಯಾರ ಹಣದಿಂದ ಗುಡಿ ಎದ್ದಿತೋ ಆಕೆಗೆ ಆ ಗುಡಿಯ ಮುಂದೆ ಬಾಯಿ ತೆರೆಯುವ ಹಕ್ಕಿಲ್ಲ.

ಆಕೆ ಅಳುತ್ತ ಕುಳಿತುಕೊಳ್ಳಲಿಲ್ಲ. ಮೂರನೆಯ ಪಂಗಡವನ್ನು ಕಟ್ಟಿದರು. ಅದಕ್ಕೆ ಬಂದ ಹೆಸರು ಪೆಣ್ಗಳ್ ಕಚ್ಚಿ. ಹಳಗನ್ನಡವನ್ನು ಓದಿದವರಿಗೆ ಆ ಪೆಣ್ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡಿಯ ಹಿಂಬದಿಯಲ್ಲಿ ಕುಳಿತು, ತಾವು ಮೊದಲು ಎತ್ತಿಕೊಟ್ಟು, ಉಳಿದ ಹೆಂಗಸರಿಂದ ಹಾಡಿಸಿದರು, ಹರಿಕಥೆ ಮಾಡಿದರು. 1920ರ ದಶಕದ ಉತ್ತರಾರ್ಧದಿಂದ ಮೊದಲಾಗಿ 1940ರವರೆಗೆ ಈ ಹೋರಾಟ ನಡೆಯಿತು. ಕಟ್ಟಕಡೆಗೆ 1941ರಲ್ಲಿ ಪಂಗಡಗಳು ಒಂದಾದುವು. ಒಂದೇ ಆರಾಧನೆಯಲ್ಲಿ ಹೆಂಗಸರ ಗಾನಕ್ಕೂ ಎಡೆ ದೊರೆಯಿತು. ಇಂದು ಪುಷ್ಯ ಬಹುಳ ಪಂಚಮಿಯಂದು ನಮ್ಮ ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ಗೃಹಿಣಿಯರು ಮುಂದಿನ ಸಾಲಿನಲ್ಲಿ ಕುಳಿತು ಪಂಚರತ್ನ ಕೀರ್ತನೆಗಳನ್ನು ಹಾಡುವರು. ನಾವು ಗಂಡಸರು ಹಿಂದೆ ಕುಳಿತು ತಪ್ಪು ತಾಳ ಹಾಕುವೆವು. ಆ ಮುಂದಿನ ಸಾಲನ್ನು ಗಳಿಸಿಕೊಟ್ಟುದು ಆ ಹಿಂಬದಿಯ ಗೋಷ್ಠಿ.

ಈಗ ಪ್ರಕೃತ ವಿಷಯಕ್ಕೆ ಬರುತ್ತೇನೆ. ದೇವದಾಸಿ ಎಂಬ ಒಂದು ಶಬ್ದವನ್ನು ಬಿಟ್ಟರೆ ಚರಿತ್ರೆಗೆ ಏನು ಕೊರತೆ ಎಂದು ಮಿತ್ರರು ಕೇಳಬಹುದು. ಕೊರತೆ ಏನೆಂದರೆ, ಮಿಕ್ಕ ಯಾವುದೂ ಅರ್ಥವಾಗುವುದಿಲ್ಲ. ಕಾರಣವನ್ನು ತೆಗೆದುಹಾಕಿ ಕಾರ್ಯವನ್ನು ಉಳಿಸಿಕೊಳ್ಳುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. 1880ರ ಸುಮಾರಿನಲ್ಲಿ ನಮ್ಮ ಸೀಮೆಯ ಯಾವ ಸದ್ಗೃಹಸ್ಥನ ಮನೆಯಲ್ಲಿ ಹೆಣ್ಣುಮಗುವಿಗೆ ಸಂಸ್ಕೃತ ಕಲಿಸುತ್ತಿದ್ದರು? ನಾನು ಪಾಠಶಾಲೆಯಲ್ಲಿ ಓದಿದುದು ಅದಕ್ಕೆ ಎಷ್ಟೋ ವರ್ಷದ ಬಳಿಕ; ನಮ್ಮ ತರಗತಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ನಾಗರತ್ನಮ್ಮನವರಾದರೋ ತ್ಯಾಗರಾಜರ ಮೇಲೆ ಅಷ್ಟೋತ್ತರ ಶತನಾಮಾವಳಿಯನ್ನು ಸಂಸ್ಕೃತದಲ್ಲಿ ರಚಿಸಿದರು. ಆ ವಿದ್ಯೆ ಆಕೆಗೆ ಬಂದುದು ಆ ಕುಲದ ಬಾಗಿಲಿನಿಂದ. ಎರಡನೆಯದು, ಹಣ. ತಾನೇ ದುಡಿದು, ತನ್ನ ಹೆಸರಿನಲ್ಲಿಯೇ ಸ್ವತ್ತು ಮಾಡಿ, ತನ್ನ ಇಚ್ಛೆಯಂತೆ ಅದನ್ನು ವಿನಿಯೋಗಿಸುವ ಅಧಿಕಾರ ಅಂದಿನ ಗೃಹಿಣಿಗೆ ಎಲ್ಲಿತ್ತು? ಸ್ತ್ರೀಧನವೆಂದು ಪೆಟ್ಟಿಗೆಯಲ್ಲಿದ್ದ ನಾಲ್ಕು ಒಡವೆಗಳನ್ನೂ ಗಂಡನ ಸಾಲಕ್ಕೆ ಕೊಟ್ಟವರೇ ಹೆಚ್ಚು. ದೇವದಾಸಿಯಾದವಳಿಗೆ ಆ ಅಧಿಕಾರವಿತ್ತು. ಮೂರನೆಯದು, ಗೋಷ್ಠಿ. ಆ ಕಾಲದಲ್ಲಿ ಬಹಿರಂಗ ಸಭೆಯಲ್ಲಿ ಹಾಡುವ ಹೆಂಗಸರೆಂದರೆ ಬಹುಮಟ್ಟಿಗೆ ಆ ಕುಲದವರೇ. ಆಕೆ ಬೇರೆ ಯಾರನ್ನು ಕೂಡಿಸಿಕೊಂಡು ಹಾಡಬೇಕಾಗಿತ್ತು? ಹೀಗೆ ವಿದ್ಯೆ, ದ್ರವ್ಯ, ಪರಿವಾರ ಮೂರೂ ಎಲ್ಲಿಂದ ಬಂದುವೋ ಆ ಮೂಲವನ್ನು ಮುಚ್ಚಿಟ್ಟು, ಗುಡಿಯನ್ನು ಮಾತ್ರ ತೋರಿಸಿ ಕೈಮುಗಿಯೆನ್ನುವುದು ಅರ್ಧಕುಕ್ಕುಟೀ ನ್ಯಾಯ. ಕೋಳಿಯ ಅರ್ಧವನ್ನು ಅಡಿಗೆಗೆ ಕೊಯ್ದು, ಉಳಿದರ್ಧ ಮೊಟ್ಟೆಯಿಡಲೆಂದು ಕಾಯುವವರ ಕಥೆ ಇದು.

ಇನ್ನು ಆ ಪ್ರತ್ಯುತ್ತರದ ಸಂಗತಿ. ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಅವಳೂ ಗಣಿಕೆಯರ ಕುಲದವಳು. ತೆಲುಗಿನಲ್ಲಿ 584 ಪದ್ಯಗಳ ರಾಧಿಕಾ ಸಾಂತ್ವನಮು ಎಂಬ ಶೃಂಗಾರಕಾವ್ಯವನ್ನು ಬರೆದಳು. 1887ರಲ್ಲಿ ಅದು ಅಚ್ಚಾದಾಗ ಸಂಪಾದಕರು ಕೆಲವು ಪದ್ಯಗಳನ್ನು ತೆಗೆದುಹಾಕಿದರು. ಶೃಂಗಾರ ಅತಿಯಾಯಿತೆಂದು ತೆಗೆದರೆಂದರೆ ಒಂದು ಮಾತು. ಜೊತೆಗೆ ಕವಯಿತ್ರಿ ತನ್ನ ಅಜ್ಜಿ ಮೊದಲಾದ ಮನೆಯ ಹೆಂಗಸರನ್ನು ನೆನೆದು ವಂಶವನ್ನು ಹೇಳಿಕೊಂಡಿದ್ದ ಪೀಠಿಕಾಪದ್ಯಗಳೂ ಹೋದುವು! ಅಜ್ಜಿಯ ಹೆಸರಿನಲ್ಲಿ ಯಾವ ಅಶ್ಲೀಲವಿತ್ತೋ ನಾನರಿಯೆ. ಸಮಾಜಸುಧಾರಕರೆಂದು ಆಂಧ್ರರೆಲ್ಲರೂ ಗೌರವಿಸುವ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ಕವಿಚರಿತ್ರೆಯಲ್ಲಿ, ಇವಳು ವಿದ್ಯಾವತಿಯೇ ಹೌದಾದರೂ ಕಾವ್ಯದ ಅನೇಕ ಭಾಗಗಳು ಹೆಂಗಸರ ಕಿವಿಗೆ ಬೀಳತಕ್ಕವಲ್ಲವೆಂಬ ಅಭಿಪ್ರಾಯವನ್ನು ಬರೆದರು. ಅಂದರೆ, ನಮ್ಮ ಮಿತ್ರರು ಗುಡಿಯ ಮುಂದೆ ಹೇಳಿದ ಮಾತೇ.

ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿಸಿ ತರಿಸಿದರು. ಅಚ್ಚಿನ ಪ್ರತಿಯೊಡನೆ ಹೋಲಿಸಿ ನೋಡಿದರು. ಕತ್ತರಿಸಿದ ಪದ್ಯಗಳನ್ನೆಲ್ಲ ಮರಳಿ ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಸಂಸ್ಥೆಯಿಂದ ಗ್ರಂಥವನ್ನು ಪ್ರಕಟಪಡಿಸಿದರು. ಅದರ ಪೀಠಿಕೆಯಲ್ಲಿ ಪಂತುಲು ಅವರಿಗೇ ನೇರವಾಗಿ ಪ್ರಶ್ನೆ ಹಾಕಿದರು. ಲಜ್ಜೆಯೆಂಬುದು ಹೆಂಗಸರಿಗೆ ಮಾತ್ರವೋ ಗಂಡಸರಿಗೂ ಉಂಟೋ ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಪುರುಷಕವಿಗಳು ಅದಕ್ಕಿಂತಲೂ ಬಿಚ್ಚಿ ಬರೆದುದನ್ನು ಪಂಡಿತರು ತಾವೇ ತಿದ್ದಿ ಅಚ್ಚು ಹಾಕಿಸುವಾಗ ಬಾರದ ನಾಚಿಕೆ, ಹೆಣ್ಣು ಬರೆದಾಗ ಮಾತ್ರ ಎಲ್ಲಿಂದ ಬಂದಿತು ಎಂದು ಕೇಳಿದರು. ಸರ್ಕಾರವು 1911ರಲ್ಲಿ ಅಂಗಡಿಗೆ ಪೋಲೀಸರನ್ನು ಕಳುಹಿಸಿ ಪುಸ್ತಕಗಳನ್ನು ವಶಪಡಿಸಿಕೊಂಡಿತು. ಗ್ರಂಥಕ್ಕೆ ನಿಷೇಧ ಬಿತ್ತು. ಅದು ತೆರವಾದುದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರು ಪ್ರಧಾನಿಯಾಗಿದ್ದಾಗ. 1952ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ಅದೇ ವರ್ಷ ಮೇ 19ರಂದು ನಾಗರತ್ನಮ್ಮನವರು ತೀರಿಕೊಂಡರು. ಇಷ್ಟು ದೀರ್ಘಕಾಲ, ಒಂದು ಪುಸ್ತಕದಿಂದ ಒಬ್ಬ ಹೆಂಗಸಿನ ಅಜ್ಜಿಯ ಹೆಸರನ್ನು ತೆಗೆಯಕೂಡದೆಂದು ನಿಂತವರ ಚರಿತ್ರೆಯಿಂದಲೇ ನಾವು ಆಕೆಯ ತಾಯಿಯ ಕುಲವನ್ನು ತೆಗೆದುಹಾಕಿದ್ದೇವೆ.

"ನಾವು" ಎಂದುದು ಸುಮ್ಮನೆ ಅಲ್ಲ. ಮಿತ್ರರ ಮೇಲೆ ಬರೆಯಲು ಕುಳಿತ ನನ್ನ ಕೈಯೂ ಶುದ್ಧವಲ್ಲ. ನಾನು ಉಪಾಧ್ಯಾಯನಾಗಿದ್ದಾಗ ಶಾಲೆಯ ಕೈಬರಹದ ಪತ್ರಿಕೆಗೆ ಒಬ್ಬ ಹುಡುಗಿ ನಾಗರತ್ನಮ್ಮನವರ ಮೇಲೆ ಒಂದು ಪುಟ ಬರೆದು ತಂದಳು. ಕೂಲಿಮಾಡುವವರ ಮಗಳು; ಅಕ್ಷರ ದುಂಡಗಿತ್ತು. "ದೇವದಾಸಿ ಕುಲದ ಪುಟ್ಟಲಕ್ಷ್ಮಮ್ಮನ ಮಗಳು" ಎಂದು ಎರಡನೆಯ ಸಾಲಿನಲ್ಲಿ ಬರೆದಿದ್ದಳು. ನಾನು ಕೆಂಪು ಶಾಯಿಯಿಂದ ಮೊದಲ ಎರಡು ಮಾತುಗಳನ್ನು ಹೊಡೆದುಹಾಕಿ, ಅಂಚಿನಲ್ಲಿ "ಅನಾವಶ್ಯಕ" ಎಂದು ಬರೆದೆ. ಹುಡುಗಿ ಪುಸ್ತಕವನ್ನು ನೋಡಿ, "ಇದು ಸುಳ್ಳಾ ಸಾ?" ಎಂದಳು. "ಸುಳ್ಳಲ್ಲ, ಆದರೂ ಬೇಡ" ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಹಾಳೆಯನ್ನು ತೆಗೆದುಕೊಂಡು ಹೋದಳು. ಪತ್ರಿಕೆಗೆ ಅದನ್ನು ಮರಳಿ ಕೊಡಲೂ ಇಲ್ಲ. ಆಗ ನನಗೆ 1887ರ ಆ ಸಂಪಾದಕರ ಕಥೆ ತಿಳಿದಿರಲಿಲ್ಲ. ಈಗ ತಿಳಿದಿದೆ, ಅವರ ಕತ್ತರಿಗೂ ನನ್ನ ಕೆಂಪು ಶಾಯಿಗೂ ಭೇದವೇನೆಂದು ಹುಡುಕಿದೆ, ಸಿಕ್ಕಲಿಲ್ಲ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು, ಅದನ್ನು ಮರೆಮಾಚಲಾರೆ. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು ಹಾಳುಮಾಡಿದ ಪದ್ಧತಿಗೆ ಹೀಗೆ ಗೌರವ ತರಬಹುದೇ ಎಂದು ಕೇಳುವವರಿರುವರು. ಆ ಪದ್ಧತಿಯನ್ನು ನಾನು ಸಮರ್ಥಿಸುವುದಿಲ್ಲ. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯ ದೇವದಾಸಿಯರು ತಮ್ಮ ಜೀವನೋಪಾಯ ಹೋಯಿತೆಂದು ಮೊರೆಯಿಟ್ಟರು, ಫಲವಾಗಲಿಲ್ಲ. ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಶಾಸನಸಭೆಯಲ್ಲಿ ಪ್ರಶ್ನೆಯನ್ನೆತ್ತಿದರು. ಅವರ ತಾಯಿಯೂ ಅದೇ ಕುಲದಿಂದ ಬಂದವರು. ಅಲ್ಲಿ 1947ರಲ್ಲಿ ಕಾನೂನಾಯಿತು. ನಮ್ಮ ಕರ್ನಾಟಕದಲ್ಲಿ 1982ರಲ್ಲಿ. ನಾಗರತ್ನಮ್ಮನವರು ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನವನ್ನು ವಿರೋಧಿಸಿದವರು. ತಮ್ಮ ಕುಲದವರ ಸಂಘಕ್ಕೆ ಮುಂದಾಳಾಗಿ ಸರ್ಕಾರಕ್ಕೆ ಅರ್ಜಿ ಹಾಕಿದವರು. ದೇವದಾಸಿಯನ್ನೂ ವೇಶ್ಯೆಯನ್ನೂ ಒಂದೇ ಎನ್ನಬೇಡಿರಿ, ವಿದ್ಯೆಯನ್ನೂ ಸ್ವತ್ತನ್ನೂ ಕಿತ್ತುಕೊಳ್ಳಬೇಡಿರಿ ಎಂಬುದು ಅವರ ವಾದ. ಅದರಲ್ಲಿ ನಾನು ಮುತ್ತುಲಕ್ಷ್ಮಿ ರೆಡ್ಡಿಯವರ ಪಕ್ಷದವನು. ಮಗುವಿನ ಕೊರಳಿಗೆ ತಾಳಿ ಕಟ್ಟುವಾಗ ಆ ಮಗುವನ್ನು ಯಾರೂ ಕೇಳಿರಲಿಲ್ಲ. ಒಬ್ಬ ನಾಗರತ್ನಮ್ಮನವರ ಹಿಂದೆ, ಹಾಡು ಬಾರದ, ಸ್ವತ್ತಿಲ್ಲದ, ಮುಪ್ಪಿನಲ್ಲಿ ದಿಕ್ಕಿಲ್ಲದ ಎಷ್ಟು ಮಂದಿ ಇದ್ದರೋ. ಆದರೆ ಇದನ್ನೆಲ್ಲ ನಾನು ಹೇಳಲು ಸಾಧ್ಯವಾದುದು ಆ ಶಬ್ದವನ್ನು ಬರೆದುದರಿಂದ. ಅದನ್ನು ಅಳಿಸಿದ ಲೇಖನದಲ್ಲಿ ಆ ಪದ್ಧತಿಯ ಕ್ರೌರ್ಯಕ್ಕೂ ಸ್ಥಳವಿಲ್ಲ, ಆ ಕೈಬಿಟ್ಟುಹೋದ ವಕೀಲರಿಗೂ ಸ್ಥಳವಿಲ್ಲ. ಕುಲದ ಹೆಸರನ್ನು ಮುಚ್ಚಿಟ್ಟಾಗ ಮಾನ ಉಳಿಯುವುದು ತಾಯಿಯದಲ್ಲ, ವಕೀಲರದು. ಇದನ್ನು ಮಿತ್ರರು ಯೋಚಿಸಿರಲಾರರು.

ಕನ್ನಡಿಗರು ಇಂಥ ಸತ್ಯವನ್ನು ಸಹಿಸಲಾರರೆಂಬ ಶಂಕೆಗೂ ಆಧಾರವಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ತಮ್ಮ ಕುಲವನ್ನೂ ಅದಕ್ಕಾಗಿ ಕೇಳಬೇಕಾಗಿ ಬಂದ ಮೂದಲೆಯನ್ನೂ ತಮ್ಮ ಬಾಯಿಂದಲೇ ಹೇಳಿಕೊಂಡರು. ಅದರಿಂದ ಅವರ ಗೌರವಕ್ಕೆ ಎಳ್ಳಷ್ಟೂ ಕುಂದು ಬರಲಿಲ್ಲ. 2002ರಲ್ಲಿ ಪದ್ಮವಿಭೂಷಣ ಬಂದಿತು. ಧಾರವಾಡ ಹುಬ್ಬಳ್ಳಿಗಳ ಮನೆಮನೆಯಲ್ಲಿ ಅವರನ್ನು ಅಕ್ಕರೆಯಿಂದ ನೆನೆಯುವರು. ಅಲ್ಲಿಯ ಮನೆಮಂದಿ ಕೇಳಬಹುದಾದುದನ್ನು ಚಾಮರಾಜನಗರದ ಮನೆಮಂದಿ ಕೇಳಬಾರದೇಕೆ? ನಾಗರತ್ನಮ್ಮನವರೂ ಬಚ್ಚಿಟ್ಟುಕೊಂಡವರಲ್ಲ. ತಾವು ಬಿಟ್ಟುಹೋದ ಸ್ವತ್ತಿನ ವಿಷಯವಾಗಿ ಬರೆದ ಉಯಿಲಿನಲ್ಲಿ, ತ್ಯಾಗರಾಜರ ಸನ್ನಿಧಿಯಲ್ಲಿ ಪೂಜೆಗೂ ಗಾನಕ್ಕೂ ಹೆಂಗಸರಿಗೆ, ತಮ್ಮ ಕುಲದ ಹೆಂಗಸರಿಗೂ, ಅಡ್ಡಿಯಿರಬಾರದೆಂದು ವಿಧಿಸಿದರು. ಅವರ ಸಮಾಧಿ ತಿರುವಯ್ಯಾರಿನಲ್ಲಿಯೇ ಇದೆ, ತ್ಯಾಗರಾಜರ ಸನ್ನಿಧಿಗೆ ಅಭಿಮುಖವಾಗಿ. ಹಿಂಬದಿಯಲ್ಲಿ ಹಾಡಿದವರು ಈಗ ಎದುರಿಗೇ ಕುಳಿತಿರುವರು.

ಆದುದರಿಂದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಅರಿಕೆ ಇದು. ಮುಂದಿನ ಪುಷ್ಯ ಬಹುಳ ಪಂಚಮಿಯ ಆಹ್ವಾನಪತ್ರಿಕೆಯಲ್ಲಿ ತ್ಯಾಗರಾಜರ ಚಿತ್ರದ ಕೆಳಗೆ ನಾಗರತ್ನಮ್ಮನವರ ಹೆಸರನ್ನೂ ಅಚ್ಚುಹಾಕಿಸಬೇಕು. ಅಂದು ಹಾಡುವ ಹೆಣ್ಣುಮಕ್ಕಳಲ್ಲಿ ಒಬ್ಬಳ ಕೈಯಲ್ಲಿ, ಗಂಡಸರ ಭಾಷಣ ಶುರುವಾಗುವುದಕ್ಕೆ ಮೊದಲು, ಆಕೆಯ ಚರಿತ್ರೆಯನ್ನು ಕುಲ ಸಹಿತವಾಗಿ, ಮುದ್ದುಪಳನಿಯ ಗ್ರಂಥ ಸಹಿತವಾಗಿ ಓದಿಸಬೇಕು. ನನ್ನ ಮೊಮ್ಮಗಳು ಓದಲು ಸಿದ್ಧಳಿದ್ದಾಳೆ. ಕೈಬರಹದ ಪತ್ರಿಕೆಯ ಆ ಹುಡುಗಿ ಈಗ ಎಲ್ಲಿರುವಳೋ ವಿಚಾರಿಸುತ್ತಿದ್ದೇನೆ. ಸಿಕ್ಕಿದರೆ ಅವಳೇ ಓದಲಿ.

ಕೊನೆಗೆ ಸಂಪಾದಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಈ ಲೇಖನ ದೀರ್ಘವಾಯಿತೆಂದು ನಾನು ಬಲ್ಲೆ. ಸ್ಥಳಸಂಕೋಚದಿಂದ ಮೊಟಕುಮಾಡಬೇಕಾದರೆ ನನ್ನ ಮೊಮ್ಮಗಳ ಪ್ರಸ್ತಾಪವನ್ನೂ ಕೋಳಿಯ ನ್ಯಾಯವನ್ನೂ ಧಾರಾಳವಾಗಿ ತೆಗೆಯಬಹುದು. ಉಳಿದುದರಲ್ಲಿ ಯಾವ ಶಬ್ದವಾದರೂ ಮನೆಮಂದಿಯ ಕಣ್ಣಿಗೆ ಬೀಳತಕ್ಕದ್ದಲ್ಲವೆಂದು ಕಂಡುಬಂದಲ್ಲಿ ಲೇಖನವನ್ನು ಇಡಿಯಾಗಿ ಹಿಂದಿರುಗಿಸಬೇಕು. ಅದಕ್ಕೆ ಬೇಕಾದ ಅಂಚೆಚೀಟಿಯನ್ನು ಲಗತ್ತಿಸಿದ್ದೇನೆ.